ಅರ್ಧಕ್ಕೆ ನಿಂತ ಹೆಜ್ಜೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬೈಂಡಿಂಗ್ ಅಮ್ಮ ಎಂದೇ. ಅಪ್ಪನ ಕಾಲದ ಅಂಗಡಿ. ಎರಡು ಜಡೆಯ ಹುಡುಗಿಯಾಗಿದ್ದಾಗ ಅಪ್ಪನ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ಈಗ ಕನ್ನಡಕವನ್ನು ಕೊರಳಿಗೆ ನೇತುಹಾಕಿಕೊಂಡ ಅಜ್ಜಿ. ಒಂದೇ ಉದ್ದನೆಯ ಕೋಣೆ. ಬಾಗಿಲ ಬಳಿ ಕಾಗದ ಕತ್ತರಿಸುವ ಯಂತ್ರ, ನಡುವೆ ಅಂಟಿನ ಕಲೆಗಳಿಂದ ನಕಾಶೆಯಂತಾಗಿದ್ದ ಮೇಜು, ಒಳಮೂಲೆಯಲ್ಲಿ ಧೂಳಿಗೆ ಹೆದರಿ ಪ್ಲಾಸ್ಟಿಕ್ ಹೊದ್ದು ಕೂತ ಕಂಪ್ಯೂಟರು. ಅದು ಮಗ ತಂದಿಟ್ಟದ್ದು. ಪುಸ್ತಕದ ಬೆನ್ನಿಗೆ ಹಾಕುವ ಅಕ್ಷರ ಜೋಡಿಸುವುದಕ್ಕೂ ಪ್ರೆಸ್ಸಿನವರು ಕಳಿಸಿದ ರಕ್ಷಾಪುಟ ಇಳಿಸಿಕೊಳ್ಳುವುದಕ್ಕೂ ಅವಳಿಗೆ ಅದು ಸಾಕು. ಅದರ ಮೇಲೆ ಗೋಡೆಯಲ್ಲಿ ಇಂಟರ್ನೆಟ್ಟಿನ ಪೆಟ್ಟಿಗೆ, ಹಸಿರು ದೀಪ ಮಿಟುಕಿಸುತ್ತ. ಆ ಗೋಡೆಯಲ್ಲಿ ಕೆಟ್ಟವನ್ನು ಬಿಟ್ಟರೆ ಉಳಿದ ಸಾಕೆಟ್ಟು ಎರಡು. ಒಂದು ಕಂಪ್ಯೂಟರಿಗೆ ಮೀಸಲು. ಇನ್ನೊಂದರಲ್ಲಿ ಇಂಟರ್ನೆಟ್ಟಿನ ಪೆಟ್ಟಿಗೆಗೂ ಅಂಟಿನ ಪಾತ್ರೆಗೂ ಸರದಿ. ಅಂಟು ಕಾಯಬೇಕೆಂದರೆ ಪೆಟ್ಟಿಗೆಯ ಪ್ಲಗ್ಗು ಕೀಳು, ಪಾತ್ರೆಯದು ಚುಚ್ಚು. ಅದಕ್ಕೆ ಯೋಚನೆಯೇ ಬೇಕಿರಲಿಲ್ಲ. ತಲೆ ಕೆರೆದುಕೊಂಡಷ್ಟೇ ಸಹಜ.

ಕಸುಬಿನಲ್ಲಿ ಅವಳಿಗೆ ಎರಡು ಹಟ. ಬೈಂಡಿಂಗಿಗೆ ಬಂದ ಪುಸ್ತಕದಲ್ಲಿ ಮಡಿಕೆಯೊಂದು, ಅಂದರೆ ಹದಿನಾರು ಪುಟದ ಒಂದು ಫಾರಂ, ಕಡಿಮೆ ಬಿದ್ದಿದ್ದರೆ ಅದನ್ನು ಹೊಲಿಯುವುದಿಲ್ಲ, ಎಸೆಯುವುದೂ ಇಲ್ಲ. ಕಡಿಮೆಯಾದ ಜಾಗದಲ್ಲಿ ಕೆಂಪು ಕಾಗದದ ಪಟ್ಟಿ ಇಟ್ಟು, ಸುತ್ತ ದಾರ ಬಿಗಿದು, ಮೇಲಿನ ಕಪಾಟಿಗೆ ಸೇರಿಸುತ್ತಾಳೆ. ಫಾರಂ ಬರುವ ತನಕ ಅದು ಅಲ್ಲೇ ಕಾಯಬೇಕು. "ಹಾಗೇ ಹೊಲಿದು ಕೊಡಿ, ಯಾರು ಓದ್ತಾರೆ" ಎಂದ ಗಿರಾಕಿಗೆ ಬಾಗಿಲು ತೋರಿಸಿದ್ದೂ ಉಂಟು. ಎರಡನೆಯದು, ಪುಟ ಹರಿದದ್ದೋ ಬಾರದ್ದೋ ಎಂಬುದನ್ನು ಕಣ್ಣು ಮುಚ್ಚಿ ಹೇಳುತ್ತಾಳೆ. ಯಾರಾದರೂ ಹರಿದಿದ್ದರೆ ಹೊಲಿಗೆಯ ಬುಡದಲ್ಲಿ ಮುರಿದ ಹಲ್ಲಿನಂಥ ಚೂರು ಹೆಬ್ಬೆರಳಿಗೆ ತಗಲುತ್ತದೆ. ಪುಟ ಬಂದೇ ಇಲ್ಲದಿದ್ದರೆ ಬುಡ ನುಣ್ಣಗಿರುತ್ತದೆ. ಈ ವಿದ್ಯೆಯ ಮೇಲೆ ಅವಳಿಗೆ ಎಂಥ ಭರವಸೆ ಎಂದರೆ, ಜಗತ್ತಿನಲ್ಲಿ ಅರ್ಧವಾಗಿ ಸಿಕ್ಕಿದ್ದೆಲ್ಲಕ್ಕೂ ಇದೇ ಸಾಕು ಅಂದುಕೊಂಡಿದ್ದಳು.

ಕಾಗದ ಮಡಚಲು ಬರುವ ಹೆಂಗಸೊಬ್ಬಳಿದ್ದಳು. ಬಾಯಿ ತೆರೆದರೆ ಗಾದೆ, ಹಾಗಾಗಿ ಗಾದೆಯಕ್ಕ. ಅವಳು ಒಂದು ಸಲ ಹೇಳಿದ್ದಳು, ಬೈಂಡಿಂಗ್ ಅಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲಿದೆ, ಅದನ್ನಾದರೂ ಕರ್ಚೀಫಿನಲ್ಲಿ ಒರೆಸಿಬಿಡಬಹುದು. ಹೊಟ್ಟೆಕಿಚ್ಚು ಮಾತ್ರ ಹೊಟ್ಟೆಯಲ್ಲೇ ಇದೆ, ಅಲ್ಲಿಗೆ ಯಾರ ಕೈಯೂ ಹೋಗದು ಎಂದು. ಅಂದದ್ದು ಎದುರಿಗೇ. ಬೈಂಡಿಂಗ್ ಅಮ್ಮ ನಕ್ಕಿರಲಿಲ್ಲ. ಸುಳ್ಳು ಎಂದೂ ಅಂದಿರಲಿಲ್ಲ.

ಆ ಕಿಚ್ಚಿಗೆ ಒಂದು ಮುಖವಿತ್ತು. ಬೀಗಿತ್ತಿಯ ಮುಖ.

ಸೊಸೆಯ ತಾಯಿ ಅದೇ ಊರಿನ ಇನ್ನೊಂದು ತುದಿಯವಳು. ದೊಡ್ಡ ಕಚೇರಿಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಬದುಕೆಲ್ಲ ಅವರಿವರ ಮಾತು ಜೋಡಿಸಿ, ಈಗ ನಿವೃತ್ತಿಯಾಗಿದ್ದಳು. ಅವಳ ದನಿಯೇ ದನಿ. ಸುಮ್ಮನೆ "ಹೇಳಿ" ಎಂದರೂ ಎದುರಿಗಿದ್ದವರು ಬೆನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಮಗ ಸೊಸೆ ಇರುವುದು ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಬೇರೆ ಊರಲ್ಲಿ. ಮೊಮ್ಮಗಳು ಹುಟ್ಟಿದಾಗ ಇಬ್ಬರು ಅಜ್ಜಿಯರೂ ಹೋದರು. ಬೈಂಡಿಂಗ್ ಅಮ್ಮ ಎಣ್ಣೆ ಹಚ್ಚಿ ಕಾಲು ನೀವಿದಳು, ಬೀಗಿತ್ತಿ ಹಾಡು ಹೇಳಿ ಮಲಗಿಸಿದಳು. ಅಷ್ಟರಲ್ಲಿ ಲೈಬ್ರರಿಯವರು ಹಳೆಯ ಪುಸ್ತಕಗಳನ್ನು ಗಾಡಿಯಲ್ಲಿ ತಂದು ಸುರಿದರೆಂದು ಗಾದೆಯಕ್ಕನ ಫೋನು ಬಂತು. ಒಬ್ಬಳು ಹೊರಡಲೇಬೇಕಾಯಿತು. ಇನ್ನೊಬ್ಬಳಿಗೆ ಹೊರಡುವ ಕಾರಣವೇ ಇರಲಿಲ್ಲ.

ಅಲ್ಲಿಂದ ಶುರು. ಸೊಸೆಗೆ ಫೋನು ಮಾಡಿದರೆ ಹಿಂದಿನಿಂದ ಬೀಗಿತ್ತಿಯ ದನಿ. ಗುಬ್ಬಿ ಮಗುಚಿಕೊಂಡಳಂತೆ, ಅಮ್ಮ ನೋಡಿದರು. ಗುಬ್ಬಿಗೆ ಹಲ್ಲು ಬಂತಂತೆ, ಮೊದಲು ಅಮ್ಮನ ಬೆರಳಿಗೇ ತಗಲಿದ್ದು. ಗುಬ್ಬಿ ಎಂಬ ಹೆಸರೂ ಬೀಗಿತ್ತಿ ಇಟ್ಟದ್ದೇ. ಬೈಂಡಿಂಗ್ ಅಮ್ಮ ಮನಸ್ಸಿನಲ್ಲಿ ಬೇರೆ ಹೆಸರಿಟ್ಟುಕೊಂಡಿದ್ದಳು, ಹೇಳುವಷ್ಟರಲ್ಲಿ ಗುಬ್ಬಿ ಗೂಡು ಕಟ್ಟಿಬಿಟ್ಟಿತ್ತು. ತನ್ನ ಪಾಲಿಗೆಂದು ಅವಳು ಮಾಡಿದ್ದು ಒಂದೇ: ಬಟ್ಟೆಯ ಪುಟಗಳ ಪುಟ್ಟ ಪುಸ್ತಕವೊಂದನ್ನು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಒಳಗೆ ಒಂದೊಂದು ಬಣ್ಣದ ತುಂಡು ಹೊಲಿದು ಕಳಿಸಿದಳು. ಅಂಟು ಹಾಕಲಿಲ್ಲ, ಬಾಯಿಗಿಟ್ಟುಕೊಳ್ಳುವ ಮಗು ಎಂದು. ಪುಸ್ತಕ ತಲುಪಿದ ಸುದ್ದಿ ಬಂತು. ಆಮೇಲೆ ಅದರ ಸುದ್ದಿಯಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸೊಸೆಯ ಸಂದೇಶ ಬಂತು. ಗುಬ್ಬಿ ನಡೆದಳು ಅತ್ತೆ, ವಿಡಿಯೋ ಇದೆ, ದೊಡ್ಡದು, ಫೋನಿನಲ್ಲಿ ಬೇಡ, ಅಂಗಡಿಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ನೋಡಿ, ವಾರವಾದರೆ ಈ ಲಿಂಕು ಕೆಲಸ ಮಾಡಲ್ಲ. ಬೈಂಡಿಂಗ್ ಅಮ್ಮ ಕೈಯ ಅಂಟು ಒರೆಸಿಕೊಂಡು ಕೂತಳು. ಲಿಂಕು ಒತ್ತಿದಳು, ಇಳಿಸಿಕೊಳ್ಳಿ ಎಂದಲ್ಲಿ ಒತ್ತಿದಳು. ಮೂಲೆಯಲ್ಲಿ ಸಣ್ಣ ಪಟ್ಟಿಯೊಂದು ನೀಲಿಯಾಗುತ್ತ ಹೊರಟಿತು. ಫೈಲುಗಳ ಕೋಶ ತೆರೆದು ನೋಡಿದರೆ ವಿಡಿಯೋದ ಹೆಸರು ಆಗಲೇ ಬಂದು ಕೂತಿತ್ತು. ಹೆಸರಿನ ಕೊನೆಗೆ ಬಾಲದ ಹಾಗೆ ಏನೋ ಅಂಟಿಕೊಂಡಿತ್ತು. ಅದನ್ನೇನೂ ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಬಂತಲ್ಲ, ಊಟವಾದ ಮೇಲೆ ನಿಧಾನವಾಗಿ ನೋಡೋಣ, ಸವಿಯುವ ವಸ್ತುವನ್ನು ಕೆಲಸದ ನಡುವೆ ನುಂಗಬಾರದು ಎಂದುಕೊಂಡಳು. ಮೇಜಿನ ಮೇಲೆ ಹೊಲಿದ ಪುಸ್ತಕಗಳು ಬೆನ್ನು ತೆರೆದುಕೊಂಡು ಅಂಟಿಗಾಗಿ ಕಾಯುತ್ತಿದ್ದವು. ಎಂದಿನಂತೆ ಗೋಡೆಯ ಬಳಿ ಹೋಗಿ ಒಂದು ಪ್ಲಗ್ಗು ಕಿತ್ತು ಇನ್ನೊಂದು ಚುಚ್ಚಿದಳು. ಅಂಟು ಕಾಯಿತು. ಹಸಿರು ದೀಪ ಆರಿತು.

ಊಟವಾದ ಮೇಲೆ ಗಾದೆಯಕ್ಕನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಫೈಲಿನ ಮೇಲೆ ಒತ್ತಿದರೆ ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರು ಕೇಳಿತು. ಇದಕ್ಕೂ ನಾನೇ ಹೇಳಬೇಕಾ ಎಂದು ಗೊಣಗಿ ವಿಡಿಯೋ ತೋರಿಸುವುದನ್ನು ತೋರಿಸಿದಳು.

ತೆರೆಯಿತು. ಮಗನ ಮನೆಯ ಹಜಾರ. ಕಿಟಕಿಯ ಬಿಸಿಲು ನೆಲದ ಮೇಲೆ ಚಾಪೆಯಂತೆ ಬಿದ್ದಿತ್ತು. ಗುಬ್ಬಿ ಮಂಚದ ಅಂಚು ಹಿಡಿದು ನಿಂತಿದ್ದಳು, ಒಂದು ಕಾಲಿಗೆ ಕಾಲುಚೀಲ, ಇನ್ನೊಂದು ಬರಿಗಾಲು. ಸೊಸೆ ಕ್ಯಾಮೆರಾದ ಹಿಂದಿನಿಂದ ಬಾ ಬಾ ಎನ್ನುತ್ತಿದ್ದಳು. ಮಗು ಕೂತಿತು, ಎದ್ದಿತು, ಮತ್ತೆ ಕೂತಿತು. ತನ್ನ ಕಾಲನ್ನು ತಾನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡಿತು. ಗಾದೆಯಕ್ಕ ನಗುತ್ತ ಸೀರೆ ಅಂಗಡಿಯ ಗಿರಾಕಿ ಇದ್ದ ಹಾಗಿದ್ದಾಳೆ, ಎಲ್ಲ ನೋಡ್ತಾಳೆ, ಒಂದೂ ತಗೊಳ್ಳಲ್ಲ ಎಂದಳು. ಆಗ ಗುಬ್ಬಿ ಮಂಚ ಬಿಟ್ಟಳು. ಎರಡೂ ಕೈ ಗಾಳಿಯಲ್ಲಿ. ಚಿತ್ರದ ಬಲ ಅಂಚಿನಿಂದ ಎರಡು ಅಂಗೈಗಳು ಒಳಗೆ ಚಾಚಿಕೊಂಡವು. ಎಡಗೈಗೆ ಬೀಗಿತ್ತಿಯ ಅಗಲ ಪಟ್ಟಿಯ ಗಡಿಯಾರ. ಗುಬ್ಬಿ ಆ ಕೈಗಳ ಕಡೆ ತಿರುಗಿ ಬರಿಗಾಲನ್ನು ಎತ್ತಿದಳು.

ಅಲ್ಲಿಗೆ ನಿಂತಿತು. ಕಾಲು ಗಾಳಿಯಲ್ಲೇ ಉಳಿಯಿತು. ಆಮೇಲೆ ತೆರೆ ಕಪ್ಪಾಯಿತು.

ಇನ್ನೊಮ್ಮೆ ಹಾಕಿದಳು. ಅಲ್ಲೇ ನಿಂತಿತು. ಮತ್ತೊಮ್ಮೆ. ಗಡಿಯಾರದ ಪಟ್ಟಿ, ಎತ್ತಿದ ಕಾಲು, ಕಪ್ಪು. ಕಂಪ್ಯೂಟರಿಗೆ ಬುಡವೂ ಇಲ್ಲ, ಹೊಲಿಗೆಯೂ ಇಲ್ಲ, ಹೆಬ್ಬೆರಳಿಟ್ಟು ಸವರಿ ನೋಡಲು ಏನೂ ಇಲ್ಲ. ಆದರೂ ಬೈಂಡಿಂಗ್ ಅಮ್ಮನಿಗೆ ಅನುಮಾನವೇ ಬರಲಿಲ್ಲ. ಇಷ್ಟು ಸರಿಯಾಗಿ, ಇದೇ ಹೆಜ್ಜೆಗೆ, ಈ ಕೈ ಕಾಣಿಸಿದ ಕೂಡಲೇ ನಿಲ್ಲಬೇಕಾದರೆ ಅದು ಬಾರದ್ದಲ್ಲ. ಹರಿದದ್ದು.

"ಕತ್ತರಿಸಿದ್ದಾರೆ" ಎಂದಳು.

ಗಾದೆಯಕ್ಕ ಯಂತ್ರ ಕೆಟ್ಟಿರಬಹುದು ಎಂದು ಹೇಳಿ ನೋಡಿದಳು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದೂ ಅಂದಳು, ಆದರೆ ಕಾಗದ ಮಡಚುವ ನೆವದಲ್ಲಿ, ತಲೆ ತಗ್ಗಿಸಿಕೊಂಡು.

ಸಂಜೆ ಸೊಸೆಯ ಫೋನು ಬಂತು. ಪೂರ್ತಿ ನೋಡಿದ್ರಾ ಅತ್ತೆ ಎಂದು ಕೇಳಿದಳು. ದನಿಯಲ್ಲಿ ಸ್ವಲ್ಪ ಅಳುಕಿತ್ತು. ಆ ಅಳುಕನ್ನು ಬೈಂಡಿಂಗ್ ಅಮ್ಮ ಕಳ್ಳತನಕ್ಕೆ ಸಾಕ್ಷಿಯೆಂದು ತೆಗೆದಿಟ್ಟುಕೊಂಡಳು.

"ಕಳಿಸಿದಷ್ಟು ನೋಡಿದೆ ಕಣಮ್ಮ."

ಮಾತಿನೊಳಗಿನ ಮುಳ್ಳು ಆ ಕಡೆ ತಲುಪಲಿಲ್ಲ. ಸೊಸೆ ನಿಟ್ಟುಸಿರುಬಿಟ್ಟು, ಸದ್ಯ, ನೀವು ಏನಂದುಕೊಳ್ತೀರೋ ಅಂತಿದ್ದೆ ಎಂದು ನಕ್ಕಳು. ಬೈಂಡಿಂಗ್ ಅಮ್ಮನ ಕಿಚ್ಚಿಗೆ ತುಪ್ಪ ಬಿದ್ದಂತಾಯಿತು. ಈಗ ಉಳಿದದ್ದನ್ನು ಕಳಿಸು ಎಂದು ಕೇಳುವ ಬಾಯಿಯನ್ನೂ ತಾನೇ ಹೊಲಿದುಕೊಂಡಿದ್ದಳು.

ಆ ವಾರ ಅವಳ ಕೈ ಕೆಲಸದಲ್ಲಿತ್ತು, ಕಣ್ಣು ಗಾಳಿಯಲ್ಲಿ ನಿಂತ ಆ ಕಾಲಿನಲ್ಲಿತ್ತು. ಹೆಜ್ಜೆಯನ್ನು ತಾನೇ ಮುಂದುವರಿಸಿ ನೋಡುತ್ತಿದ್ದಳು. ಗುಬ್ಬಿ ಬೀಗಿತ್ತಿಯ ಮಡಿಲಿಗೆ ಬಿದ್ದಳು. ಬೀಗಿತ್ತಿ ಎತ್ತಿ ಮುದ್ದಿಸಿ, ಆ ಟೆಲಿಫೋನಿನ ದನಿಯಲ್ಲಿ, ಏನೋ ಅಂದಳು. ಏನಂದಿರಬಹುದು? ಆ ಏನೋ ಎಂಬುದು ದಿನಕ್ಕೊಂದು ರೂಪ ತಾಳಿತು. ನೋಡು, ನಮ್ಮ ಕಡೆಯ ಮಗು. ಹುಟ್ಟಿಸಿದವರು ಅಲ್ಲಿ, ಬೆಳೆಸಿದವರು ಇಲ್ಲಿ. ಆ ಅಜ್ಜಿಗೆ ಪುಸ್ತಕ ಸಾಕು ಬಿಡು. ಒಂದು ರಾತ್ರಿ ಊಟಕ್ಕೆ ಕೂತಾಗ ಗಂಡ, ಮಗು ನಡೆದರೆ ಸಾಕಲ್ಲ, ಯಾರ ಕಡೆಗೆ ನಡೆದರೇನು ಎಂದ. ಅವನ ತಟ್ಟೆಗೆ ಎರಡನೇ ಸಲ ಏನೂ ಬೀಳಲಿಲ್ಲ. ಅವಳಿಗೆ ಅಸೂಯೆ ಬೀಗಿತ್ತಿಯ ಕೈಗಳ ಮೇಲಷ್ಟೇ ಅಲ್ಲ, ಹಜಾರದ ಆ ಬಿಸಿಲಿನ ಮೇಲೆ, ಮಂಚದ ಅಂಚಿನ ಮೇಲೆ, ಮಗು ಕಳೆದುಕೊಂಡ ಕಾಲುಚೀಲ ಬಿದ್ದಿರಬಹುದಾದ ನೆಲದ ಮೇಲೆ. ಅವೆಲ್ಲ ಆ ಹೆಜ್ಜೆಯನ್ನು ಕಂಡಿದ್ದವು. ತಾನು ಮಾತ್ರ ಕಂಡಿರಲಿಲ್ಲ.

ಲಿಂಕಿನ ವಾರ ಮುಗಿಯುವ ದಿನ, ಬೆಳಿಗ್ಗೆ, ಗಾಜಿನ ಬಾಗಿಲು ತಳ್ಳಿಕೊಂಡು ಸಾಕ್ಷಾತ್ ಬೀಗಿತ್ತಿಯೇ ಒಳಗೆ ಬಂದಳು. ಕೈಯಲ್ಲಿ ಚೀಲ, ಎಡಗೈಯಲ್ಲಿ ಅದೇ ಗಡಿಯಾರ. ಕಣ್ಣು ತೋರಿಸಿಕೊಳ್ಳಲು ನಾಲ್ಕು ದಿನಕ್ಕೆಂದು ಊರಿಗೆ ಬಂದಿದ್ದಳಂತೆ. ಅಂಟಿನ ಪಾತ್ರೆ ಕಾಯುತ್ತಿತ್ತು. ಬೈಂಡಿಂಗ್ ಅಮ್ಮ ಬ್ರಷ್ಷು ಕೆಳಗಿಡದೆ, ಬನ್ನಿ ಎಂದಳು. ಕುರ್ಚಿಯ ಮೇಲಿದ್ದ ರಟ್ಟುಗಳನ್ನು ಗಾದೆಯಕ್ಕ ತೆಗೆದಳು.

ಬೀಗಿತ್ತಿ ಕೂತು, ಚೀಲದಿಂದ ಬಟ್ಟೆಯ ಪುಸ್ತಕ ತೆಗೆದಳು. ಅದು ಪುಸ್ತಕವಾಗಿ ಉಳಿದಿರಲಿಲ್ಲ. ಮೂಲೆಗಳು ಚೀಪಿ ಚೀಪಿ ನಾರಾಗಿದ್ದವು, ಹಳದಿ ಪುಟ ಒಂದೇ ದಾರದಲ್ಲಿ ಜೋಲಾಡುತ್ತಿತ್ತು.

"ರಿಪೇರಿ ಮಾಡಿಕೊಡ್ಬೇಕಂತೆ ಬೀಗರೇ. ಇದಿಲ್ದೆ ಮಲಗಲ್ಲ ನಿಮ್ಮ ಮೊಮ್ಮಗಳು. ನಾನು ಗಂಟಲು ಹರಿಯೋ ಹಾಗೆ ಹಾಡ್ತೀನಿ, ಅವಳು ಇದನ್ನ ಕಚ್ಕೊಂಡು ನಿದ್ದೆ ಮಾಡ್ತಾಳೆ. ಹಾಡಿಗೆ ಬೆಲೆಯೇ ಇಲ್ಲ."

ಬೇರೆ ದಿನವಾಗಿದ್ದರೆ ಈ ಒಂದು ಮಾತಿನ ಮೇಲೆಯೇ ಬೈಂಡಿಂಗ್ ಅಮ್ಮ ಒಂದು ವಾರ ಬದುಕುತ್ತಿದ್ದಳು. ಇಂದು ಅದು ಕಿವಿಯ ಹೊರಗೇ ನಿಂತಿತು. ಬೀಗಿತ್ತಿ ಸಹಜವಾಗಿ, ವಿಡಿಯೋ ನೋಡಿದ್ರಂತೆ ಎಂದಳು.

"ನೀವು ಬಿಟ್ಟಷ್ಟು ನೋಡಿದೆ. ಕತ್ತರಿಸಿ ಉಳಿಸ್ಕೊಂಡಿದ್ದು ನಿಮ್ಮಲ್ಲೇ ಇರಲಿ."

ಅಂಟು ಪಾತ್ರೆಯಲ್ಲಿ ಗುಳುಗುಳು ಎನ್ನುತ್ತಿತ್ತು. ಬೀಗಿತ್ತಿಯ ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಅವಳ ಕೈ ಗಡಿಯಾರದ ಮೇಲೆ ಹೋಯಿತು.

"ಕತ್ತರಿಸಿಬಿಟ್ಲಾ ಹಾಗಾದ್ರೆ?" ಎಂದಳು ಮೆಲ್ಲಗೆ. "ಇಲ್ಲ ಅಂದಿದ್ಲಲ್ಲ ನನ್ನ ಮಗಳು."

ಬೈಂಡಿಂಗ್ ಅಮ್ಮನ ಬ್ರಷ್ಷು ಕೈಯಲ್ಲೇ ನಿಂತಿತು. ಹಾಗಾದರೆ ಕತ್ತರಿಸುವ ಮಾತು ನಡೆದಿದ್ದು ನಿಜ. ವಾರವಿಡೀ ತಾನು ಕಟ್ಟಿದ ಕಥೆಗೆ ಈಗ ಬೆನ್ನಿಗೆ ರಟ್ಟು ಬಿತ್ತು. ಗೆದ್ದಂತೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಇಷ್ಟು ದಿನ ಒಳಗೆಲ್ಲೋ ಒಂದು ಮೂಲೆ, ಇದು ಸುಳ್ಳಾಗಲಿ ಎಂದು ಕಾದಿತ್ತು ಎಂಬುದು ಅವಳಿಗೇ ಆಗ ಗೊತ್ತಾದದ್ದು.

ಬೀಗಿತ್ತಿ ಎದ್ದಳು. ಮೊದಲು ನೋಡೋಣ, ಆಮೇಲೆ ಜಗಳ ಆಡೋಣ ಎಂದು ಕಂಪ್ಯೂಟರಿನ ಮುಂದೆ ಕೂತಳು. ಕೂತ ರೀತಿಯೇ ಬೋರ್ಡಿನ ಮುಂದೆ ಕೂತು ಪಳಗಿದವರದು, ಬೆನ್ನು ನೆಟ್ಟಗೆ, ಮೊಣಕೈ ಹತ್ತಿರ. ಕೋಶ ತೆರೆದು ಫೈಲಿನ ಹೆಸರಿನ ಮೇಲೆ ಬೆರಳಿಟ್ಟಳು.

"ಈ ಬಾಲ ನೋಡಿದ್ರಾ?"

"ಇತ್ತು. ಏನದು?"

"ಈ ಬಾಲ ಇದ್ರೆ ಇನ್ನೂ ಪೂರ್ತಿ ಬಂದಿಲ್ಲ ಅಂತ. ಬಂದ್ಮೇಲೆ ತಾನಾಗೇ ಉದುರಿ ಹೋಗುತ್ತೆ. ಇದನ್ನ ಯಾರೂ ಕತ್ತರಿಸಿಲ್ಲ ಬೀಗರೇ, ಬರ್ತಾ ಬರ್ತಾ ಲೈನು ಕಟ್ಟಾಗಿದೆ."

ಬ್ರೌಸರಿನಲ್ಲಿ ಇಳಿಸಿಕೊಂಡವುಗಳ ಸಾಲು ತೆರೆದಳು. ಎಲ್ಲಕ್ಕಿಂತ ಮೇಲೆ ಗುಬ್ಬಿಯ ವಿಡಿಯೋ, ಅದರ ಪಕ್ಕ ಅಡ್ಡಿಯಾಗಿ ನಿಂತಿದೆ ಎಂಬ ಮಾತು, ಅದರ ಕೆಳಗೆ ಮುಂದುವರಿಸಿ ಎಂಬ ಗುಂಡಿ. ವಾರದಿಂದ ಅದು ಅಲ್ಲೇ ಇತ್ತು, ಯಾರಾದರೂ ಒತ್ತಲಿ ಎಂದು. ಬೈಂಡಿಂಗ್ ಅಮ್ಮ ಹೇಳಿದಳು, ಹಾಗಾದರೆ ಇದನ್ನು ಅಳಿಸಿ ಮೊದಲಿಂದ ತರಿಸೋಣ ಎಂದು. ಬೀಗಿತ್ತಿ ತಿರುಗಿ ನೋಡಿದಳು.

"ಯಾಕೆ ಅಳಿಸ್ಬೇಕು? ಬಂದಿರೋದು ಬಂದಿದೆಯಲ್ಲ. ನಿಂತ ಕಡೆಯಿಂದ ಮುಂದಕ್ಕೆ ಬರುತ್ತೆ. ಒಂದು ಫಾರಂ ಕಡಿಮೆ ಅಂತ ನೀವು ಪುಸ್ತಕಾನೇ ಬಿಸಾಕ್ತೀರಾ?"

ಮೇಲಿನ ಕಪಾಟಿನಲ್ಲಿ ಕೆಂಪು ಪಟ್ಟಿಯ ಪುಸ್ತಕಗಳು ಸಾಲಾಗಿ ಕೂತಿದ್ದವು. ಬೈಂಡಿಂಗ್ ಅಮ್ಮ ಅತ್ತ ನೋಡಲಿಲ್ಲ. ತನ್ನ ಕಪಾಟಿನ ಗುಟ್ಟನ್ನು ಈ ಹೆಂಗಸಿಗೆ ಸೊಸೆಯೇ ಹೇಳಿರಬೇಕು. ಅದಕ್ಕೂ ಒಂದಿಷ್ಟು ಉರಿಯಿತು.

ಬೀಗಿತ್ತಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಇಂಟರ್ನೆಟ್ಟು ಇಲ್ಲ ಎಂದಿತು ಕಂಪ್ಯೂಟರು. ಅವಳ ಕಣ್ಣು ತೆರೆಯಿಂದ ಗೋಡೆಗೆ ಏರಿತು, ಆರಿದ ದೀಪದ ಪೆಟ್ಟಿಗೆಗೆ, ಅಲ್ಲಿಂದ ಜೋತುಬಿದ್ದ ವಯರಿಗೆ, ವಯರಿನ ತುದಿಗೆ, ನೆಲದ ಮೇಲೆ ಬಿದ್ದಿದ್ದ ಪ್ಲಗ್ಗಿಗೆ. ಆಮೇಲೆ ಸಾಕೆಟ್ಟಿನಲ್ಲಿ ಕೂತಿದ್ದ ಅಂಟಿನ ಪಾತ್ರೆಯ ಪ್ಲಗ್ಗಿಗೆ.

"ಇದನ್ನ ಕಿತ್ತೋರು ಯಾರು?"

ಗಾದೆಯಕ್ಕ ಕಾಗದವನ್ನು ತುಂಬ ಎಚ್ಚರಿಕೆಯಿಂದ ಮಡಚಿದಳು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಎಂದು ಶುರುಮಾಡಿ, ಬೈಂಡಿಂಗ್ ಅಮ್ಮನ ಮುಖ ನೋಡಿ, ಉಳಿದ ಗಾದೆಯನ್ನು ನುಂಗಿಕೊಂಡಳು. ಬೈಂಡಿಂಗ್ ಅಮ್ಮನಿಗೆ ಆ ಬೆಳಿಗ್ಗೆ ಪೂರ್ತಿ ನೆನಪಾಯಿತು: ನೀಲಿಯಾಗುತ್ತಿದ್ದ ಪಟ್ಟಿ, ಅಂಟಿಗೆ ಕಾದ ಪುಸ್ತಕಗಳು, ಯೋಚನೆಯೇ ಇಲ್ಲದೆ ಗೋಡೆಯ ಕಡೆ ಹೋದ ತನ್ನ ಕೈ. ಹರಿದದ್ದೇ ಸರಿ. ಹರಿದ ಕೈ ಮಾತ್ರ ತನ್ನದು.

ಮೇಜಿನ ಮೇಲೆ ಆಗಷ್ಟೇ ಅಂಟು ಹಚ್ಚಲು ತೆಗೆದಿದ್ದ ಪುಸ್ತಕಗಳಿದ್ದವು. ಪಾತ್ರೆಯ ಪ್ಲಗ್ಗು ತೆಗೆದರೆ ಅಂಟು ಹೆಪ್ಪುಗಟ್ಟುತ್ತದೆ, ಮತ್ತೆ ಹದಕ್ಕೆ ಬರಬೇಕಾದರೆ ಮಧ್ಯಾಹ್ನವಾಗುತ್ತದೆ. ಅವಳು ಹೋಗಿ ಅದನ್ನು ಕಿತ್ತು ಪೆಟ್ಟಿಗೆಯದನ್ನು ಚುಚ್ಚಿದಳು. ಹಸಿರು ದೀಪ ಕಣ್ಣು ಬಿಟ್ಟಿತು. ಬೀಗಿತ್ತಿ ಗುಂಡಿ ಒತ್ತಿದಳು. ಲಿಂಕು ಇನ್ನೂ ಬದುಕಿತ್ತು. ಅರ್ಧದಲ್ಲಿ ನಿಂತಿದ್ದ ನೀಲಿ ಪಟ್ಟಿ ಅರ್ಧದಿಂದಲೇ ಮುಂದಕ್ಕೆ ಹೊರಟಿತು.

ಕಾಯುವಾಗ ಬೀಗಿತ್ತಿ ಫೈಲಿನ ಗಾತ್ರ ನೋಡಿ ಹುಬ್ಬೇರಿಸಿದಳು. ತನ್ನ ಫೋನಿಗೆ ಮಗಳು ಕಳಿಸಿದ್ದು ಇದರ ಮೂಲೆಗೂ ಸಾಲದು, ಮಸುಕು ಮಸುಕು, ಬೆರಳು ಯಾವುದು ಕಾಲು ಯಾವುದು ತಿಳಿಯುವುದಿಲ್ಲ ಎಂದಳು. "ನಿಮಗೆ ಮಾತ್ರ ದೊಡ್ಡದು ಕಳಿಸಿದ್ದಾಳೆ" ಎಂಬ ಮಾತಿನಲ್ಲಿ ಬೈಂಡಿಂಗ್ ಅಮ್ಮನಿಗೆ ತುಂಬ ಪರಿಚಿತವಾದ ಒಂದು ದನಿ ಕೇಳಿಸಿತು. ಅವಳು ಕನ್ನಡಕ ಒರೆಸಿಕೊಂಡಳು.

ಬಾಲ ಉದುರಿತು. ಮೂವರೂ ತೆರೆಯ ಮುಂದೆ ಕೂತರು.

ಬಿಸಿಲು, ಮಂಚ, ಒಂದು ಕಾಲುಚೀಲ. ಗುಬ್ಬಿ ಕೂತಳು, ಎದ್ದಳು. ಮಂಚ ಬಿಟ್ಟಳು. ಅಂಗೈಗಳು ಬಂದವು. ಬರಿಗಾಲು ಎತ್ತಿದಳು, ಈ ಸಲ ಅದು ಕೆಳಗೆ ಇಳಿಯಿತು. ಇನ್ನೊಂದು ಕಾಲು. ಮತ್ತೊಂದು. ಕುಡುಕರ ಹಾಗೆ ತೂರಾಡುತ್ತ, ಬಾಯಿ ತೆರೆದುಕೊಂಡು, ನೆಟ್ಟಗೆ ಬೀಗಿತ್ತಿಯ ಮಡಿಲಿಗೆ ಹೋಗಿ ಬಿದ್ದಳು. ಬೈಂಡಿಂಗ್ ಅಮ್ಮ ಊಹಿಸಿದ್ದಂತೆಯೇ. ಒಂದು ಕೂದಲೂ ಬೇರೆಯಾಗಲಿಲ್ಲ. ಊಹಿಸಿದಾಗ ಉರಿದದ್ದಕ್ಕಿಂತ ನೋಡಿದಾಗ ಹೆಚ್ಚು ಉರಿಯಿತು, ಆದರೆ ಕಣ್ಣು ಕೀಳಲಾಗಲಿಲ್ಲ.

ತೆರೆಯ ಮೇಲಿನ ಬೀಗಿತ್ತಿ ಮಗುವನ್ನು ಎದೆಗೊತ್ತಿಕೊಂಡು, ಕಣ್ಣೊರೆಸಿಕೊಂಡು, ಕ್ಯಾಮೆರಾದ ಕಡೆ ತಿರುಗಿದಳು. ಕುರ್ಚಿಯ ಮೇಲಿನ ಬೀಗಿತ್ತಿ ಇದನ್ನು ನಿಲ್ಲಿಸೋಣ, ಮಗು ನಡೆದದ್ದು ಆಯಿತಲ್ಲ ಎಂದು ಕೈ ಚಾಚಿದಳು. ಬೈಂಡಿಂಗ್ ಅಮ್ಮ ಆ ಕೈ ಹಿಡಿದುಕೊಂಡಳು, ಗಡಿಯಾರದ ಸಮೇತ.

"ಕೊನೇ ಭಾಗ ಕತ್ತರಿಸಿ ಕಳಿಸು ಕಣೆ" ಎನ್ನುತ್ತಿದ್ದಳು ತೆರೆಯವಳು. "ಬೀಗರು ನೋಡಿದ್ರೆ ಹೊಟ್ಟೆ ಉರ್ಕೋತಾರೆ. ಪಾಪ, ಅಂಗಡಿ ಬಿಟ್ಟು ಬರೋಕಾಗಲ್ಲ ಅವರಿಗೆ. ಮೊದಲನೇ ಹೆಜ್ಜೆ ನನ್ನ ಕಡೆ ಇಟ್ಲು ಅಂತ ಯಾಕೆ ಅವರಿಗೆ ತೋರಿಸ್ಬೇಕು."

ಕ್ಯಾಮೆರಾದ ಹಿಂದಿನಿಂದ ಸೊಸೆಯ ದನಿ ಬಂತು.

"ಅತ್ತೆ ಹತ್ರ ಅರ್ಧ ಕೊಡೋ ಹಾಗಿಲ್ಲಮ್ಮ. ಒಂದು ಫಾರಂ ಕಡಿಮೆ ಇದ್ರೂ ಮೇಲಿನ ಕಪಾಟಿಗೆ ಹಾಕಿ ಕಾಯ್ತಾರೆ ಅವರು. ಉರ್ಕೊಂಡ್ರೂ ಪೂರ್ತಿ ನೋಡ್ಲಿ. ಅವರ ಮೊಮ್ಮಗಳು."

ಆಮೇಲೆ ನೆಲ ಕಾಣಿಸಿತು, ಕಾಲುಚೀಲ ಕಾಣಿಸಿತು, ಮುಗಿಯಿತು.

ಬೀಗಿತ್ತಿ ತನ್ನ ಉಗುರುಗಳನ್ನು ನೋಡುತ್ತ ಕೂತಳು. ಬೈಂಡಿಂಗ್ ಅಮ್ಮ ಕಪ್ಪಾದ ತೆರೆಯನ್ನೇ ನೋಡಿದಳು. ತಾನು ವಾರವಿಡೀ ಊಹಿಸಿದ ಮಾತುಗಳಲ್ಲಿ ಪಾಪ ಎಂಬುದೊಂದು ಇರಲಿಲ್ಲ. ಅದು ಎಲ್ಲಕ್ಕಿಂತ ಚೆನ್ನಾಗಿ ಚುಚ್ಚಿತು. ಕನಿಕರ ತೋರಿಸುವಷ್ಟು ತುಂಬಿದ ಮಡಿಲು ಇವಳದು, ಕನಿಕರಕ್ಕೆ ಒಳಗಾಗುವಷ್ಟು ಖಾಲಿ ತನ್ನದು. ಆದರೆ ಸೊಸೆ ತನಗೆ ಕನಿಕರ ತೋರಿಸಿರಲಿಲ್ಲ. ಉರಿದುಕೊಂಡರೂ ಪೂರ್ತಿ ನೋಡಲಿ ಎಂದಿದ್ದಳು. ಇಷ್ಟು ವರ್ಷದಲ್ಲಿ ತನ್ನನ್ನು ಇಷ್ಟು ಸರಿಯಾಗಿ ಓದಿದವರು ಇನ್ನೊಬ್ಬರಿಲ್ಲ. ಆ ಒಂದು ಮಾತನ್ನು ಅವಳು ಎತ್ತಿಟ್ಟುಕೊಂಡಳು.

"ಉರೀತು" ಎಂದಳು ಕೊನೆಗೆ. "ಸುಳ್ಳು ಯಾಕೆ ಹೇಳ್ಲಿ. ಈಗ್ಲೂ ಉರೀತಾ ಇದೆ."

"ನನಗೂನೂ" ಎಂದಳು ಬೀಗಿತ್ತಿ. "ಹೆತ್ತ ತಾಯಿ ನಾನು ಹೇಳಿದ ಮಾತು ಬಿಟ್ಟು ಅತ್ತೆ ಪರ ಮಾತಾಡಿದ್ಲು. ಅದನ್ನ ಮತ್ತೆ ನಿಮ್ಮ ಎದುರಿಗೇ ಕೂತು ಕೇಳ್ಬೇಕಾಯ್ತು."

ಗಾದೆಯಕ್ಕ ಚಹಾ ತರಲು ಹೋದಳು. ಬೈಂಡಿಂಗ್ ಅಮ್ಮ ಬಟ್ಟೆಯ ಪುಸ್ತಕವನ್ನು ಹತ್ತಿರ ಎಳೆದುಕೊಂಡಳು. ಜೋಲಾಡುತ್ತಿದ್ದ ಹಳದಿ ಪುಟದ ಬುಡವನ್ನು ಹೆಬ್ಬೆರಳಿನಲ್ಲಿ ಸವರಿದಳು. ಹರಿದದ್ದು, ಹಲ್ಲಿನ ಗುರುತು ಸ್ಪಷ್ಟವಾಗಿ ಸಿಕ್ಕಿತು. ಎರಡು ಮೇಲೆ, ಎರಡು ಕೆಳಗೆ. ದಪ್ಪ ದಾರ ಪೋಣಿಸಿಕೊಂಡು ಹೊಲಿಯಲು ಶುರುಮಾಡಿದಳು. ನೀವು ಮಕ್ಕಳ ಮನೆಗೆ ವಾಪಸು ಹೋಗುವಾಗ ನಾನೂ ಬರುತ್ತೇನೆ, ಅಂಗಡಿ ಒಂದು ವಾರ ಬಾಗಿಲು ಹಾಕಲಿ, ಲೈಬ್ರರಿಯ ಪುಸ್ತಕಗಳೇನು ಅಳುವುದಿಲ್ಲ ಎಂದಳು. ಹಜಾರದಲ್ಲಿ ನೀವು ಕೂತ ಜಾಗದಲ್ಲಿ ಈ ಸಲ ನಾನು ಕೂರುತ್ತೇನೆ, ನೀವು ಮಂಚದ ಹಿಂದೆ ಇರಬೇಕು ಎಂದು ಷರತ್ತನ್ನೂ ಹಾಕಿದಳು.

ಬೀಗಿತ್ತಿ ಒಪ್ಪಿದಳು. ಒಪ್ಪಿ, ಸ್ವಲ್ಪ ಹೊತ್ತು ಬಿಟ್ಟು, ಹೇಳಲೋ ಬೇಡವೋ ಎಂಬಂತೆ ಬಾಯಿ ತೆರೆದಳು.

"ಎಲ್ಲಿ ಕೂತ್ರೂ ಪ್ರಯೋಜನ ಇಲ್ಲ ಬೀಗರೇ. ಅವಳೀಗ ನಮ್ಮ ಯಾರ ಹತ್ರಾನೂ ಬರಲ್ಲ. ಬಾಗಿಲು ತೆರೆದ್ರೆ ಸಾಕು, ಎದುರು ಮನೆಯವಳ ಹತ್ರ ಓಡ್ತಾಳೆ. ಮೊನ್ನೆ ಅಲ್ಲಿಂದ ಎತ್ಕೊಂಡು ಬಂದ್ರೆ ನನ್ನ ಕೆನ್ನೆಗೆ ಹೊಡೆದ್ಲು."

ಸೂಜಿ ಬಟ್ಟೆಯಲ್ಲಿ ಅರ್ಧ ಹೋಗಿ ನಿಂತಿತು. ಬೈಂಡಿಂಗ್ ಅಮ್ಮ ಕನ್ನಡಕದ ಮೇಲಿಂದ ಬಾಗಿಲ ಕಡೆ ನೋಡಿ, ಗಾದೆಯಕ್ಕ ಇನ್ನೂ ಬಂದಿಲ್ಲವೆಂದು ಖಚಿತ ಮಾಡಿಕೊಂಡು, ಕುರ್ಚಿಯನ್ನು ಬೀಗಿತ್ತಿಯ ಹತ್ತಿರಕ್ಕೆ ಎಳೆದುಕೊಂಡಳು.

"ಯಾರಂತೆ ಅವಳು?" ಎಂದಳು ದನಿ ತಗ್ಗಿಸಿ. "ಏನಿದೆಯಂತೆ ಅವಳ ಹತ್ರ?"